ಹನ್ನೊಂದನೇ ಬ್ಯಾಚಿಗೆ ನಾನು ಹಾಕಿದ ಸಹಿ

ಕಳೆದ ತಿಂಗಳು ನಮ್ಮ ಹಳೆಯ ಕಂಪನಿಯವರು ಕರೆದಿದ್ದರು. ಹೊಸದಾಗಿ ಸೇರಿದವರಿಗೆ ಅನುಭವದ ನಾಲ್ಕು ಮಾತು ಹೇಳಬೇಕಂತೆ. ಹೋದೆ. ಶಿಸ್ತು, ಶುಚಿ, ತಾಳ್ಮೆ ಅಂತ ಏನೇನೋ ಹೇಳಿದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹೊರಡುವಾಗ ಒಬ್ಬ ಹುಡುಗಿ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಒಂದು ಕಪ್ಪು ಬಿಳುಪು ಫೋಟೋ ತೋರಿಸಿ, "ಮೇಡಂ, ಈ ಜೆಲ್ ಯಾವ ಬ್ಯಾಚಿಂದು? ಎಷ್ಟು ಕ್ಲೀನಾಗಿದೆ," ಎಂದು ಕೇಳಿದಳು.

"ತುಂಬಾ ಹಳೇದಮ್ಮ," ಎಂದಷ್ಟೇ ಹೇಳಿ ಆಟೋ ಹತ್ತಿದೆ.

ಬನಶಂಕರಿಯಿಂದ ಹನುಮಂತನಗರಕ್ಕೆ ದೂರವೇನಿಲ್ಲ. ಅಷ್ಟರೊಳಗೆ ನನಗೆ ಬಂದ ಸಿಟ್ಟು ಎಂಥದೆಂದರೆ, ಹಣ್ಣಿನ ಬುಟ್ಟಿಯನ್ನು ಆಟೋದಲ್ಲೇ ಬಿಟ್ಟು ಇಳಿದಿದ್ದೆ. ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೆನಪಿದ್ದಷ್ಟನ್ನು ಮಾತ್ರ ಬರೆಯುತ್ತೇನೆ. ನೆನಪಿಲ್ಲದ ಕಡೆ ಇಲ್ಲ ಎಂದೇ ಬರೆಯುತ್ತೇನೆ.

ನಾನು ಸೇರಿದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಬಿ.ಎಸ್ಸಿ. ಮುಗಿಸಿ, ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಮೂರು ವರ್ಷ ಸೂಜಿ ಚುಚ್ಚಿದ್ದೆ. ಕಂಪನಿ ಎಂದರೆ ಆಗ ಜೆ.ಪಿ. ನಗರದಲ್ಲಿ ಬಾಡಿಗೆಗೆ ಹಿಡಿದ ಒಂದು ಮನೆಯ ಕೆಳಗಿನ ಅಂತಸ್ತು. ಅಡುಗೆಮನೆಯ ಕಟ್ಟೆಯೇ ನಮ್ಮ ಕೆಲಸದ ಮೇಜು. ದೇವರ ಮನೆಯಲ್ಲಿ ಫ್ರಿಜ್ ಇತ್ತು. ಒಟ್ಟು ಐದು ಜನ. ಒಡೆಯರು ಡಾ. ಶ್ರೀಪಾದ. ವಿದೇಶದಲ್ಲಿ ಓದಿ, ಅಲ್ಲಿನ ಕೆಲಸ ಬಿಟ್ಟು ಬಂದವರು. ನಾವೆಲ್ಲ ಅವರನ್ನು ಡಾಕ್ಟ್ರು ಅನ್ನುತ್ತಿದ್ದೆವು. ಸಾಮಾನು ತರುವುದು, ತಲುಪಿಸುವುದು ಎಲ್ಲ ಸಾರಕ್ಕಿಯ ಮುನಿರಾಜು. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಸ್ಕೂಟರಿನ ಹಿಂದೆ ಯಾವಾಗಲೂ ಒಂದು ಥರ್ಮೋಕೋಲ್ ಡಬ್ಬಿ ಕಟ್ಟಿರುತ್ತಿತ್ತು.

ನಮ್ಮ ಕೆಲಸ ಪ್ರೋಟೀನ್ ತಯಾರಿಸುವುದು. ಬೇಕಾದ ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯಾದ ಒಳಗೆ ಸೇರಿಸಿದರೆ ಅದು ತಾನು ಬೆಳೆಯುತ್ತಾ ನಮ್ಮ ಪ್ರೋಟೀನನ್ನೂ ಮಾಡಿಕೊಡುತ್ತದೆ. ಅದನ್ನು ಹೊರತೆಗೆದು, ಶುದ್ಧ ಮಾಡಿ, ಬೆರಳುದ್ದದ ಟ್ಯೂಬಿಗೆ ತುಂಬಿ ಸಂಶೋಧನೆ ಮಾಡುವವರಿಗೆ ಮಾರುತ್ತಿದ್ದೆವು.

ಶುದ್ಧವಾಗಿದೆ ಎಂದು ತೋರಿಸುವುದಕ್ಕೆ ಜೆಲ್ ಓಡಿಸುತ್ತಾರೆ. ತೆಳ್ಳನೆಯ ಜೆಲ್ಲಿಯ ಹಾಳೆಗೆ ಪ್ರೋಟೀನ್ ಹಾಕಿ ಕರೆಂಟು ಹರಿಸಿದರೆ ಚಿಕ್ಕದು ಮುಂದೆ ಹೋಗುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಬಣ್ಣ ಹಾಕಿದಾಗ ಗೆರೆಗಳಾಗಿ ಕಾಣುತ್ತವೆ. ಕಸ ಸೇರಿದ್ದರೆ ಹಲವು ಗೆರೆ, ಶುದ್ಧವಾಗಿದ್ದರೆ ಒಂದೇ ಗೆರೆ. ಓಡಿಸುವ ಮೊದಲು ಪ್ರೋಟೀನಿಗೆ ಒಂದು ದ್ರವ ಬೆರೆಸುವುದು ರೂಢಿ. ಅದರ ಉದ್ದನೆಯ ಹೆಸರನ್ನು ನಾವು ಯಾರೂ ಹೇಳುತ್ತಿರಲಿಲ್ಲ, 'ವಾಸನೆ' ಅನ್ನುತ್ತಿದ್ದೆವು. ಒಂದು ತೊಟ್ಟು ಸಾಕು, ಇಡೀ ಮನೆ ಕೊಳೆತಂತೆ ನಾರುತ್ತದೆ.

ಸೇರಿದ ಎರಡನೇ ವಾರ ನಾನು ಆ ಬಾಟಲಿಯ ಮುಚ್ಚಳ ಸರಿಯಾಗಿ ಹಾಕದೆ ಊಟಕ್ಕೆ ಹೋದೆ. ವಾಪಸು ಬರುವಷ್ಟರಲ್ಲಿ ಪಕ್ಕದ ಮನೆಯ ಆಂಟಿ ಗೇಟಿನ ಹತ್ತಿರ ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಮೊದಲು ಗ್ಯಾಸ್ ಲೀಕ್ ಅಂದುಕೊಂಡು ತಮ್ಮ ಮನೆಯ ಸಿಲಿಂಡರನ್ನು ಅಂಗಳಕ್ಕೆ ತಂದಿಟ್ಟಿದ್ದರಂತೆ.

"ಏನ್ರೀ ಸತ್ತಿದೆ ನಿಮ್ಮನೇಲಿ?" ಎಂದು ಡಾಕ್ಟರನ್ನು ಕೇಳಿದರು.

"ಏನೂ ಸತ್ತಿಲ್ಲಮ್ಮ. ಇನ್ನೂ ಹುಟ್ಟೇ ಇಲ್ಲ," ಎಂದು ಡಾಕ್ಟ್ರು ನಕ್ಕರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬಾಟಲಿಯ ಮುಚ್ಚಳ ಹೇಗೆ ಹಾಕಬೇಕೆಂದು ತೋರಿಸಿದರು. ಇದನ್ನು ಬರೆಯುವುದು ಏಕೆಂದರೆ, ಅವರು ಆ ಕಾಲದಲ್ಲಿ ಒಳ್ಳೆಯ ಮೇಷ್ಟ್ರು. ಮುಂದೆ ಅವರ ಬಗ್ಗೆ ನಾನು ಬರೆಯುವುದನ್ನು ಓದುವಾಗ ಇದನ್ನು ಮರೆಯಬಾರದು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾಗಿನ್ ಬಂತು. ಇದು ಹಾವಲ್ಲ, ಒಂದು ಪ್ರೋಟೀನಿನ ಹೆಸರು. ಮುನಿರಾಜು ಮಾತ್ರ ಕೊನೆಯವರೆಗೂ ಆ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, "ಮೇಡಂ, ಹಾಲು ಹಾಕಿದೀರಾ ಇದಕ್ಕೆ?" ಅನ್ನುತ್ತಿದ್ದರು. ಭ್ರೂಣ ಬೆಳೆಯುವಾಗ ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುತ್ತಿರುತ್ತವೆ. ನೀನು ಮೂಳೆಯಾಗು, ನೀನು ಚರ್ಮವಾಗು, ನಿನ್ನ ಕೆಲಸ ಮುಗಿಯಿತು ಸಾಯಿ, ಎಂದು. ಅಂಥ ಒಂದು ಸುದ್ದಿಯನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುವ ಪ್ರೋಟೀನೇ ನಾಗಿನ್. ಭ್ರೂಣದ ಬೆಳವಣಿಗೆ ಅಭ್ಯಾಸ ಮಾಡುವವರಿಗೆ ಅದು ಬೇಕೇ ಬೇಕು. ವಿದೇಶದಿಂದ ತರಿಸಿದರೆ ಬೆಲೆಯೂ ಹೆಚ್ಚು, ಬರುವುದಕ್ಕೆ ತಿಂಗಳುಗಳೂ ಬೇಕು. ನಾವು ಇಲ್ಲೇ ಮಾಡಿಕೊಟ್ಟೆವು.

ಮಾಡುವುದು ಸುಲಭವಿರಲಿಲ್ಲ. ಬ್ಯಾಕ್ಟೀರಿಯಾ ಈ ಪ್ರೋಟೀನನ್ನು ಗಂಟುಗಂಟಾಗಿ ಮುದ್ದೆ ಮಾಡಿ ಇಡುತ್ತದೆ. ಆ ಮುದ್ದೆಯನ್ನು ಪೂರ್ತಿ ಬಿಚ್ಚಿ, ಆಮೇಲೆ ಸರಿಯಾದ ಆಕಾರಕ್ಕೆ ಮತ್ತೆ ಮಡಿಸಿಕೊಳ್ಳಲು ಬಿಡಬೇಕು. ಹಾಗೆ ಮಡಿಸಿಕೊಂಡು ಎರಡೆರಡಾಗಿ ಜೋಡಿಯಾದರೆ ಮಾತ್ರ ಅದಕ್ಕೆ ಜೀವ. ಡಾಕ್ಟ್ರು ಇದನ್ನು ನನಗೆ ಹೇಳಿಕೊಟ್ಟ ದಿನ ಚೆನ್ನಾಗಿ ನೆನಪಿದೆ. ನನಗಾಗ ಉದ್ದ ಜಡೆ ಇತ್ತು.

"ವಿಮಲಾ, ಬಸ್ಸು ಬಂತು ಅಂತ ಅವಸರದಲ್ಲಿ ಜಡೆ ಹಾಕ್ಕೊಂಡ್ರೆ ಏನಾಗುತ್ತೆ?" ಎಂದರು.

"ಸಿಕ್ಕಾಗುತ್ತೆ ಸರ್."

"ಕೂದ್ಲು ಅದೇ. ತೂಕಾನೂ ಅದೇ. ಆದ್ರೆ ಜಡೆ ಅಲ್ಲ. ಇದೂ ಅಷ್ಟೆ."

ಹಾಗಾಗಿ ನಾಲ್ಕು ದಿನ. ಕೋಲ್ಡ್ ರೂಮಿನಲ್ಲಿ ದೊಡ್ಡ ಪಾತ್ರೆಯ ತಣ್ಣನೆಯ ದ್ರಾವಣಕ್ಕೆ ಪ್ರೋಟೀನು ತೊಟ್ಟು ತೊಟ್ಟಾಗಿ ಬೀಳಬೇಕು. ಸ್ವೆಟರ್ ಹಾಕಿಕೊಂಡು ಒಳಗೆ ಹೋಗಿ ತೊಟ್ಟು ಬೀಳುತ್ತಿದೆಯೇ ನೋಡಿ ಬರುವುದು ನನ್ನ ಕೆಲಸ. ಆಮೇಲೆ ಪರೀಕ್ಷೆ. ಅದನ್ನೂ ನಾನೇ ಮಾಡುತ್ತಿದ್ದೆ. ಇಲಿಯ ಜೀವಕೋಶಗಳನ್ನು ಬೆಳೆಸಿ, ಅವುಗಳಿಗೆ ಆ ಮೂಳೆಯ ಸುದ್ದಿ ಕೊಟ್ಟರೆ ಕೊನೆಯಲ್ಲಿ ಬಟ್ಟಲಿನ ದ್ರವ ಅರಿಸಿನದ ಹಾಗೆ ಹಳದಿಯಾಗುತ್ತದೆ. ಸುದ್ದಿಯ ಜೊತೆ ನಮ್ಮ ನಾಗಿನ್ ಹಾಕಿದರೆ ಹಳದಿ ಬರಬಾರದು. ಬಂದರೆ ನಾಗಿನ್ ಸತ್ತಿದೆ ಎಂದು ಅರ್ಥ. ಮೂರನೇ ಬ್ಯಾಚಿನಲ್ಲಿ ಮೊದಲ ಸಲ ಬಟ್ಟಲುಗಳು ತಿಳಿನೀರಿನ ಹಾಗೆ ಉಳಿದವು. ಡಾಕ್ಟ್ರು ಎಲ್ಲರಿಗೂ ಮಸಾಲೆ ದೋಸೆ ತರಿಸಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪನಿ ಬನಶಂಕರಿಯ ಮೂರಂತಸ್ತಿನ ಕಟ್ಟಡಕ್ಕೆ ಬಂತು. ಜನ ಹೆಚ್ಚಾದರು. ಮೊದಲು ಕೈಯಲ್ಲಿ ಬರೆಯುತ್ತಿದ್ದ ಸರ್ಟಿಫಿಕೇಟುಗಳನ್ನು ಕಂಪ್ಯೂಟರಿನಲ್ಲಿ ಮಾಡತೊಡಗಿದೆವು. ಇದನ್ನು ಹೊಸಬರು ಗಮನವಿಟ್ಟು ಓದಬೇಕು. ಕೈಯಲ್ಲಿ ಬರೆಯುವಾಗ ಪ್ರತಿ ಬ್ಯಾಚಿಗೂ ಖಾಲಿ ಹಾಳೆ ತೆಗೆಯುತ್ತಿದ್ದೆವು. ಪರೀಕ್ಷೆ ಆಗಿಲ್ಲದಿದ್ದರೆ ಆ ಜಾಗ ಖಾಲಿ ಇರುತ್ತಿತ್ತು, ಕಣ್ಣಿಗೆ ಚುಚ್ಚುತ್ತಿತ್ತು. ಕಂಪ್ಯೂಟರಿನಲ್ಲಿ ಹಿಂದಿನ ಬ್ಯಾಚಿನ ಹಾಳೆ ತೆರೆದು ನಂಬರು ಬದಲಾಯಿಸಿದರೆ ಆಯಿತು. ಬದಲಾಯಿಸದೆ ಬಿಟ್ಟದ್ದೆಲ್ಲ ಭರ್ತಿಯಾಗಿಯೇ ಇರುತ್ತದೆ.

ಹನ್ನೊಂದನೇ ಬ್ಯಾಚಿನ ಸಮಯಕ್ಕೆ ಎರಡು ಸಂಗತಿ ಒಟ್ಟಿಗೆ ಆದವು. ಒಂದು ಶನಿವಾರ ಕರೆಂಟು ಹೋಗಿ, ಜನರೇಟರ್ ಕೈಕೊಟ್ಟು, ಸೋಮವಾರ ಬೆಳಿಗ್ಗೆ ನಾನು ಬಂದು ನೋಡುವಷ್ಟರಲ್ಲಿ ಇಲಿಯ ಜೀವಕೋಶಗಳೆಲ್ಲ ಸತ್ತಿದ್ದವು. ಹೆಪ್ಪುಗಟ್ಟಿಸಿ ಎತ್ತಿಟ್ಟಿದ್ದ ದಾಸ್ತಾನಿನಿಂದ ತೆಗೆದು ಮತ್ತೆ ಬೆಳೆಸುವುದಕ್ಕೆ ಮೂರು ನಾಲ್ಕು ವಾರ ಬೇಕು. ಎರಡನೆಯದು, ಕೋಲ್ಡ್ ರೂಮಿನ ಕಂಪ್ರೆಸರ್ ಆಗಾಗ ನಿಲ್ಲುತ್ತಿತ್ತು. ನಾಲ್ಕು ದಿನ ಅದನ್ನು ನಂಬುವ ಹಾಗಿರಲಿಲ್ಲ. ಡಾಕ್ಟ್ರು, ನಾಲ್ಕು ದಿನ ಬೇಡ, ಒಂದೇ ದಿನದಲ್ಲಿ ಸುರಿದು ಮುಗಿಸಿ ಎಂದರು. ನಾನು ಜಡೆಯ ಮಾತು ನೆನಪಿಸಿದೆ. ಈಗ ನಮಗೆ ಕೈ ಕುದುರಿದೆ ಎಂದರು. ಒಂದು ದಿನದಲ್ಲಿ ಮುಗಿಸಿದೆವು. ನನ್ನ ನೋಟ್‌ಬುಕ್ಕಿನಲ್ಲಿ 'ನಾಲ್ಕು ದಿನದ ಬದಲು ಒಂದು ದಿನ, ಡಾಕ್ಟ್ರ ಸೂಚನೆ' ಎಂದು ನನ್ನದೇ ಅಕ್ಷರದಲ್ಲಿದೆ.

ಜೆಲ್ ಓಡಿಸಿದೆ. ವಾಸನೆ ಬೆರೆಸಿಯೇ ಓಡಿಸಿದೆ. ನಾವು ಯಾವತ್ತೂ ಹಾಗೇ ಮಾಡುತ್ತಿದ್ದೆವು, ಏಕೆಂದರೆ ಗೆರೆ ಚೂಪಾಗಿ, ಅಂದವಾಗಿ ಬರುತ್ತದೆ. ಅಷ್ಟು ಅಂದದ ಗೆರೆ ಅದುವರೆಗೆ ಬಂದಿರಲಿಲ್ಲ. ಡಾಕ್ಟ್ರು ಫೋಟೋವನ್ನು ಬೆಳಕಿಗೆ ಹಿಡಿದು, "ಇದನ್ನ ಕ್ಯಾಟಲಾಗಿಗೆ ಹಾಕಿ," ಎಂದರು. ಆಮೇಲೆ ಸರ್ಟಿಫಿಕೇಟಿನ ಮಾತು ಬಂತು. ಪರೀಕ್ಷೆ ಆಗಿಲ್ಲ ಸರ್, ಎಂದೆ.

"ಹತ್ತನೇ ಬ್ಯಾಚಿನ ಅಂಕಿ ಇರಲಿ ಬಿಡಿ. ಅದೇ ಕೈ, ಅದೇ ಪಾತ್ರೆ, ಅದೇ ಜೀನು. ಬೇರೆ ಹೇಗೆ ಬರುತ್ತೆ?"

ನಾನು ಸಹಿ ಹಾಕಿದೆ. ಬಲವಂತ ಮಾಡಿದರೇ ಎಂದು ಕೇಳಿದರೆ, ಇಲ್ಲ. ಪೆನ್ನು ನನ್ನದೇ.

ಕೆಲವು ತಿಂಗಳ ನಂತರ ಒಂದು ದೂರು ಬಂತು. ಊರಿನ ಆ ತುದಿಯ ಒಂದು ಸಂಶೋಧನಾ ಸಂಸ್ಥೆಯಿಂದ ಒಬ್ಬ ವಿದ್ಯಾರ್ಥಿನಿ ಇ-ಮೇಲ್ ಮಾಡಿದ್ದಳು. ಹನ್ನೊಂದನೇ ಬ್ಯಾಚು ಕೆಲಸ ಮಾಡುತ್ತಿಲ್ಲ, ಬೇರೆ ಯಾರಾದರೂ ಹೀಗೆ ಹೇಳಿದ್ದಾರೆಯೇ, ಎಂದು. ಉತ್ತರವನ್ನು ಡಾಕ್ಟ್ರು ಹೇಳಿದರು, ನಾನು ಟೈಪ್ ಮಾಡಿದೆ. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು: ನಮ್ಮ ಪರೀಕ್ಷೆಯಲ್ಲಿ ಈ ಬ್ಯಾಚು ಸರಿಯಾಗಿದೆ, ತಾವು ತಮ್ಮ ಕೈಕೆಲಸದ ರೀತಿಯನ್ನು ಒಮ್ಮೆ ಪರಿಶೀಲಿಸಿಕೊಳ್ಳಬೇಕು. 'ನಮ್ಮ ಪರೀಕ್ಷೆ' ಎಂದು ಟೈಪ್ ಮಾಡುವಾಗ ನನ್ನ ಬೆರಳು ತಡವರಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ತಡವರಿಸಲಿಲ್ಲ. ಬೇರೆ ಪತ್ರಗಳ ಜೊತೆ ಅದೂ ಒಂದಾಗಿ ಹೋಯಿತು.

ಇನ್ನೊಂದಷ್ಟು ದಿನಕ್ಕೆ ಆ ಹುಡುಗಿ ತಾನೇ ಬಂದಳು. ಹೆಸರು ಭಾಗೀರಥಿ, ಗದಗದ ಕಡೆಯವಳು. ಬಿ.ಟಿ.ಎಂ. ಲೇಔಟಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಎರಡು ಬಸ್ಸು ಬದಲಾಯಿಸಿ ಬಂದು ಒಂದು ಗಂಟೆ ರಿಸೆಪ್ಷನ್ನಿನಲ್ಲಿ ಕೂತಿದ್ದಳಂತೆ. ಡಾಕ್ಟ್ರು ಊರಲ್ಲಿರಲಿಲ್ಲ. ನನ್ನ ಹತ್ತಿರ ಕಳಿಸಿದರು.

ಹಳೆಯ ಅಂಚೆ ಲಕೋಟೆಯೊಂದರಿಂದ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೊಟ್ಟೆಯೊಳಗಿನ ಕೋಳಿಮರಿಗಳ ಕಾಲುಗಳು. ಮೊಟ್ಟೆಗೆ ಕಿಟಕಿ ಕೊರೆದು, ಮರಿಯ ಕಾಲ್ಬೆರಳ ಸಂದಿಗೆ ನಾಗಿನ್ನಿನಲ್ಲಿ ನೆನೆಸಿದ ಸಾಸಿವೆಗಿಂತ ಚಿಕ್ಕ ಮಣಿಯನ್ನು ಇಡುತ್ತಾರೆ. ಬೇರೆ ಕಡೆ ಮೂಳೆಯಾಗು ಅನ್ನುವ ಅದೇ ಸುದ್ದಿ ಬೆರಳುಗಳ ನಡುವಿನ ಚರ್ಮಕ್ಕೆ ಸಾಯಿ ಅನ್ನುತ್ತದೆ, ಹಾಗಾಗಿ ಸಾಧಾರಣವಾಗಿ ಬೆರಳು ಬಿಡಿಯಾಗುತ್ತವೆ. ನಾಗಿನ್ ಆ ಸುದ್ದಿಯನ್ನು ತಡೆದರೆ ಚರ್ಮ ಉಳಿದು, ಕೋಳಿಯ ಕಾಲು ಬಾತುಕೋಳಿಯ ಕಾಲಿನ ಹಾಗೆ ಜಾಲವಾಗುತ್ತದೆ. ಅದು ಅವಳ ಪ್ರಬಂಧದ ಮೊದಲ ಮೆಟ್ಟಿಲು. ಅದು ಬಾರದೆ ಮುಂದಿನದು ಯಾವುದೂ ಇಲ್ಲ.

"ನಲವತ್ತೆರಡು ತತ್ತಿ ಆದೂವ್ರಿ ಮೇಡಂ. ನೋಡ್ರಿ, ಎಲ್ಲಾ ಬೆರಳೂ ಬಿಡಿ ಬಿಡಿನ ಅದಾವ. ನಮ್ಮ ಓಣ್ಯಾಗಿನ ಕೋಳಿಗೂ ಇದಕ್ಕೂ ಏನೂ ಫರಕಿಲ್ಲ."

ಹಾಗೆ ಹೇಳಿ ಸ್ವಲ್ಪ ನಕ್ಕಳು. ಆಮೇಲೆ ನಗಲಿಲ್ಲ. ಇನ್ನು ಐದು ವಾರಕ್ಕೆ ಕಮಿಟಿ ಕೂರುತ್ತದೆ, ಫಲಿತಾಂಶ ತೋರಿಸದಿದ್ದರೆ ಫೆಲೋಶಿಪ್ ಮುಂದುವರಿಯುವುದಿಲ್ಲ ಎಂದಳು. ಗೈಡ್ ಏನನ್ನುತ್ತಾರೆ ಎಂದು ಕೇಳಿದೆ.

"ನಿಮ್ಮ ಪತ್ರ ತೋರ್ಸಿದ್ನಿರಿ. ಕಂಪನಿಯವರ ಪರೀಕ್ಷಾದಾಗ ಛಲೋ ಐತಿ, ದೋಷ ನಿನ್ನ ಕೈಯಾಗ ಐತಿ ಅಂತಾರ. ಈಗ ನನಗೂ ಹಂಗ ಅನ್ಸಾಕ ಹತ್ತೈತ್ರಿ." ಚೀಲದಿಂದ ಸರ್ಟಿಫಿಕೇಟ್ ತೆಗೆದಳು. "ಈ ಸಹಿ ನಿಮ್ದನ ಏನ್ರಿ?"

"ಹೌದು."

"ಹಂಗಾರ ನೀವ ಹೇಳ್ರಿ. ನೀವು ಕಣ್ಣಾರೆ ನೋಡೇನಿ ಅಂದ್ರ ಸಾಕು. ನಾ ಇನ್ನ ನನ್ನ ಕೈ ತಿದ್ದಿಕೊಳ್ಳಾಕ ನೋಡ್ತೀನಿ."

ಆ ಕ್ಷಣ ನಾನು, ಇಲ್ಲಮ್ಮ, ನಾನು ನೋಡಿಲ್ಲ, ಎಂದು ಹೇಳಿದ್ದರೆ ಉಳಿದದ್ದು ಯಾವುದೂ ಬರೆಯುವ ಅಗತ್ಯವಿರುತ್ತಿರಲಿಲ್ಲ. ನಾನು ಹೇಳಿದ್ದು, "ನೋಡಿ ಹೇಳ್ತೀನಮ್ಮ." ಫೋಟೋಗಳನ್ನು ಲಕೋಟೆ ಸಮೇತ ನನ್ನ ಹತ್ತಿರವೇ ಬಿಟ್ಟು ಹೋದಳು.

ಮರುದಿನ ಉಳಿದಿದ್ದ ಹನ್ನೊಂದನೇ ಬ್ಯಾಚಿನ ಟ್ಯೂಬು ತೆಗೆದು, ಹತ್ತನೆಯದರ ಪಕ್ಕದಲ್ಲಿಟ್ಟು ಜೆಲ್ ಓಡಿಸಿದೆ. ಈ ಸಲ ವಾಸನೆ ಬೆರೆಸಲಿಲ್ಲ. ಆ ದ್ರವ ಮಾಡುವ ಕೆಲಸವೇ ಪ್ರೋಟೀನಿನ ಕಟ್ಟುಗಳನ್ನು ಬಿಚ್ಚುವುದು. ಒಳ್ಳೆಯ ಜಡೆಯನ್ನೂ ಬಿಚ್ಚುತ್ತದೆ, ಸಿಕ್ಕನ್ನೂ ಬಿಚ್ಚುತ್ತದೆ. ಬಿಚ್ಚಿದ ಮೇಲೆ ಎರಡೂ ಬರೀ ಕೂದಲು, ಒಂದೇ ಗೆರೆ. ಹನ್ನೊಂದು ಬ್ಯಾಚು ನಾವು ಜಡೆ ಬಿಚ್ಚಿ ಫೋಟೋ ತೆಗೆದು, ನೋಡಿ ಎಷ್ಟು ಚೆನ್ನಾಗಿ ಹೆಣೆದಿದ್ದೇವೆ ಎಂದು ಜನಕ್ಕೆ ತೋರಿಸುತ್ತಿದ್ದೆವು. ಮೂರನೆಯದರಿಂದ ಹತ್ತನೆಯದರವರೆಗೆ ನಮ್ಮನ್ನು ಕಾಪಾಡಿದ್ದು ಹಳದಿ ಪರೀಕ್ಷೆ, ಫೋಟೋ ಅಲ್ಲ. ಪರೀಕ್ಷೆ ಬಿಟ್ಟ ಮೊದಲ ಸಲವೇ ಸಿಕ್ಕಿಬಿದ್ದೆವು. ಸಿಕ್ಕಿಬಿದ್ದವರು ನಾವೂ ಅಲ್ಲ, ಅವಳು.

ಬಿಚ್ಚದೆ ಓಡಿಸಿದಾಗ ಹತ್ತನೇ ಬ್ಯಾಚು ಜೋಡಿಯ ಜಾಗದಲ್ಲಿ ದಪ್ಪ ಗೆರೆಯಾಗಿ ನಿಂತಿತು. ಹನ್ನೊಂದನೆಯದರಲ್ಲಿ ಆ ಜಾಗದಲ್ಲಿ ಕಂಡೂ ಕಾಣದಷ್ಟು. ಮೇಲೆಲ್ಲ ಮಸಿ ಒರೆಸಿದ ಹಾಗೆ. ಇಲಿಯ ಜೀವಕೋಶಗಳು ಮತ್ತೆ ಬೆಳೆದು ತಿಂಗಳುಗಳೇ ಆಗಿದ್ದವು, ಹನ್ನೊಂದನೆಯದಕ್ಕೆ ಬಿಟ್ಟಿದ್ದ ಪರೀಕ್ಷೆಯನ್ನೂ ಈಗ ಮಾಡಿದೆ. ಬಟ್ಟಲುಗಳೆಲ್ಲ ಹಳದಿ.

ಡಾಕ್ಟ್ರು ಬಂದ ದಿನವೇ ಫೋಟೋ ಹಿಡಿದುಕೊಂಡು ಅವರ ರೂಮಿಗೆ ಹೋದೆ.

"ಕೂದ್ಲು ಅದೇ ಸರ್," ಎಂದೆ. "ಜಡೆ ಅಲ್ಲ."

ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಅರ್ಥವಾಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹನ್ನೆರಡನೆಯದನ್ನು ನಾಲ್ಕು ದಿನವೇ ಮಾಡಿ, ಪರೀಕ್ಷೆ ಮಾಡಿ, ಆ ಹುಡುಗಿಗೆ ಹೊಸ ಟ್ಯೂಬು ಉಚಿತವಾಗಿ ಕಳಿಸಿ ಎಂದರು. ಜೊತೆಗೆ ಒಂದು ಪತ್ರ ಹಾಕುತ್ತೇನೆ, ಹಳೆಯದು ಸರಿಯಿರಲಿಲ್ಲ ಎಂದು, ಅಂದೆ.

"ಪತ್ರ ಯಾಕ್ರೀ? ಕೆಲಸ ಮಾಡೋ ಸಾಮಾನು ಕೊಡ್ತಿದೀವಲ್ಲ. ಅವಳಿಗೆ ಬೇಕಿರೋದು ಪ್ರೋಟೀನು, ನಮ್ಮ ತಪ್ಪೊಪ್ಪಿಗೆ ಅಲ್ಲ."

ಆ ಮಾತು ನನಗೂ ಸರಿ ಅನ್ನಿಸಿತು. ಇದನ್ನೂ ಬರೆಯಬೇಕು. ನನಗೆ ಯಾವ ಕಷ್ಟವೂ ಇರಲಿಲ್ಲ. ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸವಿತ್ತು. ಈ ಕೆಲಸ ಹೋದರೆ ಉಪವಾಸವೇನೂ ಬೀಳುತ್ತಿರಲಿಲ್ಲ. ನನಗೆ ಬೇಕಾಗಿದ್ದು ಬೆಳಿಗ್ಗೆ ಬಂದರೆ ನಾಲ್ಕು ಜನ ಎದ್ದು ನಿಂತು ಮೇಡಂ ಅನ್ನುವುದು. ಅಷ್ಟಕ್ಕೆ ಸುಮ್ಮನಿದ್ದೆ. ಒಂದು ಫೋನು ಮಾಡಬಹುದಿತ್ತು. ಅದನ್ನೂ ಮಾಡಲಿಲ್ಲ. ಟ್ಯೂಬು ತಲುಪಿದಾಗ ತಾನೇ ತಿಳಿದುಕೊಳ್ಳುತ್ತಾಳೆ ಅಂದುಕೊಂಡೆ.

ಹನ್ನೆರಡನೇ ಬ್ಯಾಚು ಮುಗಿಯುವುದಕ್ಕೆ ಆರು ವಾರ ಹಿಡಿಯಿತು. ಅವಳ ಕಮಿಟಿಗೆ ಇದ್ದದ್ದು ಐದು. ನಾನು ಲೆಕ್ಕ ಹಾಕಿರಲಿಲ್ಲ.

ಮುನಿರಾಜು ಟ್ಯೂಬು ಕೊಟ್ಟು ಬಂದರು.

"ಆ ಯಮ್ಮ ಅಲ್ಲಿಲ್ವಂತೆ ಮೇಡಂ. ಬಿಟ್ಟು ಊರಿಗೆ ಹೋಯ್ತಂತೆ. ಬೇರೆ ಯಾರೋ ಹುಡುಗ ಸೈನ್ ಹಾಕಿ ಇಸ್ಕೊಂಡ," ಎಂದರು. ಥರ್ಮೋಕೋಲ್ ಡಬ್ಬಿ ಕೆಳಗಿಟ್ಟು, "ಹೋದ್ ಸಲ ಹೋದಾಗ ಕಾರಿಡಾರಲ್ಲಿ ನಿಂತ್ಕೊಂಡು ತನ್ನ ಕೈನೇ ನೋಡ್ಕೊಳ್ತಾ ಇತ್ತು. ಏನಮ್ಮಾ, ಭವಿಷ್ಯ ನೋಡ್ತಿದೀಯಾ ಅಂತ ತಮಾಷೆ ಮಾಡ್ದೆ. ಮಾಡಬಾರ್ದಾಗಿತ್ತು," ಎಂದರು.

ಮುಂದಿನ ವರ್ಷ ಅವಳ ಗೈಡ್ ನಮ್ಮ ಕಂಪನಿಗೆ ಬಂದರು. ಬಾತುಕೋಳಿಯಂಥ ಕೋಳಿಕಾಲಿನ ದೊಡ್ಡ ಫೋಟೋವನ್ನು ಡಾಕ್ಟ್ರಿಗೆ ಉಡುಗೊರೆ ಕೊಟ್ಟರು. ಕ್ಯಾಂಟೀನಿನಲ್ಲಿ ಎಲ್ಲರೂ ಒಟ್ಟಿಗೆ ಬಿಸಿಬೇಳೆಬಾತ್ ತಿನ್ನುತ್ತಿದ್ದೆವು. ಹೊಸ ಹುಡುಗ ಮೊದಲ ಸಲ ಮಾಡಿದಾಗಲೇ ಫಲಿತಾಂಶ ಬಂತಂತೆ.

"ಹಿಂದಿನ ಹುಡುಗಿ ಒಂದು ವರ್ಷ ಒದ್ದಾಡಿದ್ಲು. ಅದೇ ಪ್ರೋಟೀನು, ಅದೇ ಮೊಟ್ಟೆ. ಕೈ ಬದಲಾಯ್ತು ನೋಡಿ, ಕೆಲಸ ಆಯ್ತು," ಎಂದರು.

ಅದೇ ಪ್ರೋಟೀನು.

ಡಾಕ್ಟ್ರು ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆಗ ನನಗೆ ತಿಳಿಯಿತು, ನಾವು ಪತ್ರವಿಲ್ಲದೆ ಕಳಿಸಿದ ಆ ಒಳ್ಳೆಯ ಟ್ಯೂಬು ಸತ್ತ ಟ್ಯೂಬಿಗಿಂತ ಹೆಚ್ಚು ಹಾಳು ಮಾಡಿತ್ತು. ಸತ್ತದ್ದು ಅವಳ ಮೇಲೆ ಅನುಮಾನ ಹುಟ್ಟಿಸಿತ್ತು ಅಷ್ಟೆ. ಒಳ್ಳೆಯದು ಆ ಅನುಮಾನಕ್ಕೆ ಪುರಾವೆ ಒದಗಿಸಿತು.

ಮರುದಿನ ರಜೆ ಹಾಕಿ, ಆ ಎರಡನೇ ಜೆಲ್ಲಿನ ಫೋಟೋ, ಹಳದಿ ಬಟ್ಟಲುಗಳ ಫೋಟೋ, ನನ್ನ ನೋಟ್‌ಬುಕ್ಕಿನ ಪ್ರತಿ ತೆಗೆದುಕೊಂಡು ಆ ಸಂಸ್ಥೆಗೆ ಹೋದೆ. ಗೈಡ್ ಮರ್ಯಾದೆಯಿಂದಲೇ ಕೂರಿಸಿದರು. ಎಲ್ಲವನ್ನೂ ನೋಡಿದರು. ಎರಡು ಸಲ ನೋಡಿದರು. "ಈಗ ಇದ್ರಿಂದ ಯಾರಿಗೆ ಉಪಯೋಗ ಮೇಡಂ?" ಎಂದರು. ಅವಳಿಗೆ, ಎಂದೆ. ಅವಳು ಸ್ವಂತ ಇಚ್ಛೆಯಿಂದ ಬಿಟ್ಟು ಹೋದಳು ಎಂದು ಕಡತದಲ್ಲಿದೆ, ಅದನ್ನು ಈಗ ತೆರೆಯಲು ಬರುವುದಿಲ್ಲ, ಎಂದರು. ಕಾಫಿ ತರಿಸಿದರು. ನಾನು ಕುಡಿಯಲಿಲ್ಲ. ನನಗೆ ಅವತ್ತು ಮಾಡಲು ಸಾಧ್ಯವಾದ ಪ್ರತಿಭಟನೆ ಅಷ್ಟೇ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಫೋಟೋಗಳಿದ್ದ ಹಳೆಯ ಲಕೋಟೆ ಅವಳ ತಂದೆ ಊರಿಂದ ಕಳಿಸಿದ್ದು. ಹಿಂಬದಿಯಲ್ಲಿ ವಿಳಾಸವಿತ್ತು. ಆ ವಿಳಾಸಕ್ಕೆ ಬರೆದೆ. ಬ್ಯಾಚು ನಂಬರು, ಒಂದು ದಿನ, ಆಗದ ಪರೀಕ್ಷೆ, ನನ್ನ ಸಹಿ, ಎಲ್ಲವನ್ನೂ ಬರೆದು, ಕೊನೆಗೆ, ನಿಮ್ಮ ಕೈಯಲ್ಲಿ ದೋಷವಿರಲಿಲ್ಲ ಎಂದು ಬರೆದೆ. ಕ್ಷಮಿಸಿ ಎಂದು ಬರೆದು, ಅಳಿಸಿ, ಮತ್ತೆ ಬರೆದೆ.

ಮೂರು ತಿಂಗಳ ಮೇಲೆ ಉತ್ತರ ಬಂತು. ಒಂದು ಪುಟವೂ ತುಂಬಿರಲಿಲ್ಲ. ಅವಳು ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮಕ್ಕಳಿಗೆ ಪ್ರಯೋಗ ಮಾಡಿ ತೋರಿಸುವಾಗ ಬೀಕರನ್ನು ತಾನು ಹಿಡಿಯದೆ ಯಾರಾದರೂ ಮಕ್ಕಳ ಕೈಗೆ ಕೊಡುವ ಅಭ್ಯಾಸವಾಗಿಬಿಟ್ಟಿತ್ತು, ನಿಮ್ಮ ಪತ್ರ ಬಂದ ಮೇಲೆ ನಾನೇ ಹಿಡಿದೆ, ಎಂದು ಬರೆದಿದ್ದಳು. ಕ್ಷಮಿಸಿದ್ದೇನೆ ಎಂದೂ ಬರೆದಿರಲಿಲ್ಲ, ಇಲ್ಲ ಎಂದೂ ಬರೆದಿರಲಿಲ್ಲ. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಹನ್ನೊಂದನೇ ಬ್ಯಾಚು ಇನ್ನೂ ಯಾರಿಗೆಲ್ಲ ಹೋಗಿತ್ತು, ಅವರಿಗೂ ಬರೆದಿದ್ದೀರಾ?

ನಾನು ಬರೆದಿರಲಿಲ್ಲ. ಅದು ನನ್ನ ತಲೆಗೆ ಹೊಳೆದಿರಲೂ ಇಲ್ಲ. ಒಬ್ಬಳಿಗೆ ಬರೆದು ನನ್ನ ಮನಸ್ಸು ಹಗುರ ಮಾಡಿಕೊಂಡಿದ್ದೆ.

ಟ್ಯೂಬು ಕಳಿಸಿದ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಇನ್ನೂ ಆರು ವಿಳಾಸ. ಆರಕ್ಕೂ ಬರೆದು ನನ್ನ ಹೆಸರಲ್ಲೇ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಇಬ್ಬರಿಂದ ಉತ್ತರ ಬಂತು. ಒಬ್ಬರು, ನಾವು ಆ ಟ್ಯೂಬನ್ನು ತೆರೆದೇ ಇರಲಿಲ್ಲ ಎಂದು ಬರೆದಿದ್ದರು. ಇನ್ನೊಬ್ಬರು, ನಮ್ಮಲ್ಲೂ ಒಬ್ಬ ಹುಡುಗನ ಸಂಶೋಧನೆಯ ವಿಷಯವನ್ನೇ ಬದಲಾಯಿಸಿದ್ದೆವು, ಎಂದಷ್ಟೇ. ಉಳಿದ ನಾಲ್ವರದು ನನಗೆ ಇವತ್ತಿಗೂ ಗೊತ್ತಿಲ್ಲ.

ಸುದ್ದಿ ಡಾಕ್ಟ್ರಿಗೆ ಮುಟ್ಟಿತು. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರವನ್ನು ಬೇರೆಯವರಿಗೆ ಕೊಟ್ಟು, ನನ್ನನ್ನು ತರಬೇತಿ ವಿಭಾಗದ ಮುಖ್ಯಸ್ಥೆ ಮಾಡಿದರು. ಸಂಬಳವೂ ಸ್ವಲ್ಪ ಹೆಚ್ಚಾಯಿತು. ಸಿಹಿ ಹಂಚಿ ಎಂದು ಎಲ್ಲರೂ ಗಂಟುಬಿದ್ದರು. ನಿವೃತ್ತಿಯವರೆಗೂ ಅದೇ ಕುರ್ಚಿಯಲ್ಲಿ ಕೂತೆ. ಹೊಸಬರಿಗೆ ಪಿಪೆಟ್ ಹಿಡಿಯುವುದು, ಮುಚ್ಚಳ ಹಾಕುವುದು ಹೇಳಿಕೊಟ್ಟೆ. ಇದನ್ನು ಮಾತ್ರ ಹೇಳಲಿಲ್ಲ.

ಡಾಕ್ಟ್ರಿಗೆ ಈಗ ವಯಸ್ಸಾಗಿದೆ. ಜಯನಗರದ ಒಂದು ಪಾರ್ಕಿನಲ್ಲಿ ಕೋಲು ಹಿಡಿದು ನಡೆಯುತ್ತಾರೆ. ಹೋದ ವರ್ಷ ಎದುರಾದರು. ಬೆಂಚಿನ ಮೇಲೆ ಕೂತು ಅದೂ ಇದೂ ಮಾತಾಡಿದೆವು. ನಾನು ಆ ವಿಷಯ ಎತ್ತಿದೆ.

"ಇನ್ನೂ ಆ ಹನ್ನೊಂದನ್ನ ಬಿಟ್ಟಿಲ್ವಾ ನೀವು? ಎಷ್ಟು ಬ್ಯಾಚ್ ಮಾಡಿದ್ವಿ ವಿಮಲಾ ನಾವು. ಒಂದು ಕೆಟ್ಟಿತಪ್ಪ."

"ಕೆಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ ಸರ್," ಎಂದೆ. ಮುಂದಿನದನ್ನು ಅವರು ಕೇಳಲಿಲ್ಲ. ಎದ್ದು ಇನ್ನೊಂದು ಸುತ್ತು ನಡೆಯಲು ಹೋದರು.

ಈಗ ಗೋಡೆಯ ಆ ಫೋಟೋದ ಬಗ್ಗೆ ಕೇಳಿದ ಹುಡುಗಿಗೆ. ನಿನ್ನ ಹೆಸರು ಕೇಳುವುದನ್ನೂ ಮರೆತೆನಮ್ಮ. ಅದು ಹನ್ನೊಂದನೇ ಬ್ಯಾಚು. ನಾನೇ ಓಡಿಸಿದ ಜೆಲ್, ವಾಸನೆ ಬೆರೆಸಿ. ಅಷ್ಟು ಚೆಂದದ ಗೆರೆ ಆಮೇಲೂ ಬರಲಿಲ್ಲ. ಆ ಪ್ರೋಟೀನು ಅಷ್ಟು ಶುದ್ಧವಾಗಿತ್ತು, ಮತ್ತು ಪೂರ್ತಿ ಸತ್ತಿತ್ತು. ಅದರ ಪಕ್ಕದಲ್ಲಿ ಇರಬೇಕಾಗಿದ್ದ, ವಾಸನೆ ಬೆರೆಸದೆ ಓಡಿಸಿದ ಜೆಲ್ಲಿನ ಫೋಟೋ ನನ್ನ ಬೀರುವಿನಲ್ಲಿ, ಗದಗದ ಅಂಚೆಮುದ್ರೆ ಇರುವ ಲಕೋಟೆಯಲ್ಲಿ, ಬೆರಳು ಬಿಡಿಬಿಡಿಯಾದ ಕೋಳಿಕಾಲುಗಳ ಜೊತೆ ಇದೆ. ಬಂದು ತೆಗೆದುಕೊಂಡು ಹೋಗು. ಗೋಡೆಗೆ ಇನ್ನೊಂದು ಮೊಳೆ ಹೊಡೆಯುವುದಕ್ಕೆ ಯಾರು ಅಪ್ಪಣೆ ಕೊಟ್ಟರೆಂದು ಕಂಪನಿಯವರು ಕೇಳಿದರೆ, ಆ ಸಹಿಯವಳು ಹೇಳಿದಳು ಅನ್ನು.